ನಕ್ಷತ್ರ ಹಿಡಿಯಲು ರೀಲಿನ ಕ್ಯಾಮೆರಾ ಸಾಲದಾಯಿತೇ?

ಹುಬ್ಬಳ್ಳಿ-ಧಾರವಾಡದಲ್ಲಿ ಆಕಾಶದ ಫೋಟೋ ತೆಗೆಯುವ ಹುಡುಗರು ಈಗ ಜಾಸ್ತಿಯಾಗಿದ್ದಾರೆ. ಮಳೆಗಾಲ ಮುಗಿದು ಮೋಡ ಸರಿದರೆ ಸಾಕು, ಊರಿನ ದೀಪಗಳನ್ನು ಬಿಟ್ಟು ಗದಗಿನ ಆಚೆ ಕಪ್ಪತಗುಡ್ಡದ ಸುತ್ತಿನ ಹೊಲಗಳ ಕಡೆಗೆ ಬೈಕ್ ತಿರುಗಿಸುತ್ತಾರೆ. ಅವರ ಬಾಯಲ್ಲಿ ಒಂದು ಮಾತು ಪದೇ ಪದೇ ಕೇಳುತ್ತೇನೆ: "ರೀಲಿನ ಕ್ಯಾಮೆರಾದಾಗ ಏನ್ ಬರ್ತಿತ್ತು ಬಿಡ್ರಿ ಸರ್, ಈಗಿಂದು 24 ಮೆಗಾಪಿಕ್ಸೆಲ್ ಐತಿ!"

ಡಿಜಿಟಲ್ ಗೆದ್ದದ್ದು ನಿಜ. ಆದರೆ ಗೆದ್ದದ್ದು ಮೆಗಾಪಿಕ್ಸೆಲ್‌ನಿಂದ ಅಲ್ಲ.

ಫಿಲ್ಮ್‌ನಲ್ಲಿ ಪಿಕ್ಸೆಲ್ ಇರುವುದಿಲ್ಲ, ಬೆಳ್ಳಿಯ ಲವಣದ ಸಣ್ಣ ಹರಳುಗಳಿರುತ್ತವೆ. ಹಾಗಾಗಿ ಅದರ ಚುರುಕನ್ನು ಅಳೆಯುವ ರೀತಿಯೇ ಬೇರೆ. ಒಂದು ಮಿಲಿಮೀಟರ್ ಜಾಗದಲ್ಲಿ ಎಷ್ಟು ಜೋಡಿ ಗೆರೆ, ಅಂದರೆ ಒಂದು ಕಪ್ಪು ಒಂದು ಬಿಳಿ, ಬೇರೆ ಬೇರೆಯಾಗಿ ಕಾಣುತ್ತವೆ ಎಂದು ಎಣಿಸುತ್ತಾರೆ. ಫ್ಯೂಜಿಯ ವೆಲ್ವಿಯಾ 50 ಸ್ಲೈಡ್ ಫಿಲ್ಮ್‌ಗೆ ಕಂಪನಿ ಕೊಟ್ಟ ಅಂಕಿ 160. ಆದರೆ ಅದು ಅಚ್ಚ ಕಪ್ಪು-ಬಿಳಿ ಗೆರೆಗೆ. ಗೆರೆಗಳ ನಡುವೆ ವ್ಯತ್ಯಾಸ ಕಡಿಮೆಯಾದರೆ ಅದೇ ಫಿಲ್ಮ್ 80ಕ್ಕೆ ಇಳಿಯುತ್ತದೆ. ಸುಣ್ಣದ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದದ್ದನ್ನು ರಸ್ತೆಯಿಂದಲೇ ಓದಬಹುದು, ಸುಣ್ಣದಲ್ಲೇ ಬರೆದರೆ ಹತ್ತಿರ ಹೋಗಬೇಕು, ಅಲ್ವಾ? ಆಕಾಶದ ನೀಹಾರಿಕೆಗಳು, ಅಂದರೆ ಅನಿಲ-ಧೂಳಿನ ಮಸುಕು ಮೋಡಗಳು, ಈ ಎರಡನೇ ಜಾತಿಯವು. ಆದ್ದರಿಂದ ನಾವು 80ನ್ನೇ ಹಿಡಿಯೋಣ.

ಒಂದು ಜೋಡಿಗೆ ಕನಿಷ್ಠ ಎರಡು ಪಿಕ್ಸೆಲ್ ಬೇಕು. ಅಂದರೆ ಮಿಲಿಮೀಟರಿಗೆ 160. ರೀಲಿನ ಒಂದು ಚೌಕಟ್ಟು 36×24 ಮಿಲಿಮೀಟರ್. ಗುಣಿಸಿದರೆ 5760×3840, ಸುಮಾರು 2.2 ಕೋಟಿ ಪಿಕ್ಸೆಲ್, ಅಂದರೆ 22 ಮೆಗಾಪಿಕ್ಸೆಲ್. ಅದೇ ಅಳತೆಯ 24 ಮೆಗಾಪಿಕ್ಸೆಲ್ ಸೆನ್ಸರ್‌ಗೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಇನ್ನು ಖಗೋಳ ಛಾಯಾಗ್ರಾಹಕರು ಮೆಚ್ಚಿಕೊಂಡಿದ್ದ ಕೊಡಾಕ್‌ನ ಟೆಕ್ನಿಕಲ್ ಪ್ಯಾನ್ ಫಿಲ್ಮ್ ಮಸುಕು ಗೆರೆಗಳನ್ನೂ ಮಿಲಿಮೀಟರಿಗೆ 100 ಜೋಡಿಗಿಂತ ಜಾಸ್ತಿ ಹಿಡಿಯುತ್ತಿತ್ತು. ಕಾಗದದ ಮೇಲಿನ ಲೆಕ್ಕದಲ್ಲಿ ಅದು 34 ಮೆಗಾಪಿಕ್ಸೆಲ್ ದಾಟುತ್ತದೆ. ಆದರೂ 2005ರಲ್ಲಿ ಕ್ಯಾನನ್ ಕಂಪನಿ ಆಕಾಶಕ್ಕೆಂದೇ 20ಡಿಎ ಕ್ಯಾಮೆರಾ ತಂದಾಗ ಅದರಲ್ಲಿದ್ದದ್ದು ಬರೀ 8 ಮೆಗಾಪಿಕ್ಸೆಲ್. ಜನ ಫಿಲ್ಮ್ ಬಿಟ್ಟು ಅಂಥ ಕ್ಯಾಮೆರಾಗಳ ಕಡೆ ಹೋದರು. ಯಾಕೆ?

ಮೊದಲು ಗಾಳಿಯ ವಿಷಯ. ನಮ್ಮ ತಲೆ ಮೇಲಿನ ಗಾಳಿ ಅಲುಗಾಡುತ್ತಲೇ ಇರುತ್ತದೆ. ಸಾಧಾರಣ ರಾತ್ರಿಯಲ್ಲಿ ನಕ್ಷತ್ರದ ಚುಕ್ಕೆ ಎರಡು ಮೂರು ಆರ್ಕ್‌ಸೆಕೆಂಡ್‌ನಷ್ಟು ಹರಡುತ್ತದೆ. ಒಂದು ಡಿಗ್ರಿಯ 3600ನೇ ಒಂದು ಪಾಲೇ ಆರ್ಕ್‌ಸೆಕೆಂಡ್. 1000 ಮಿಲಿಮೀಟರ್ ಫೋಕಲ್ ಲೆಂತ್ ಇರುವ ದೂರದರ್ಶಕದಲ್ಲಿ ಮೂರು ಆರ್ಕ್‌ಸೆಕೆಂಡ್‌ನ ಚುಕ್ಕೆ ಸುಮಾರು 14.5 ಮೈಕ್ರಾನ್ ಅಗಲ ಬೀಳುತ್ತದೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಆ 24 ಮೆಗಾಪಿಕ್ಸೆಲ್ ಸೆನ್ಸರಿನ ಒಂದು ಪಿಕ್ಸೆಲ್ 6 ಮೈಕ್ರಾನ್, ವೆಲ್ವಿಯಾದ ಒಂದು ಗೆರೆಯೂ ಹೆಚ್ಚುಕಡಿಮೆ ಅಷ್ಟೇ. ಎರಡಕ್ಕೂ ಆ ಚುಕ್ಕೆ ದೊಡ್ಡದೇ. ಇನ್ನೂ ಸಣ್ಣ ಪಿಕ್ಸೆಲ್ ತಂದರೆ ಗಾಳಿ ಕಲಕಿದ ಚುಕ್ಕೆಯನ್ನೇ ಇನ್ನಷ್ಟು ತುಂಡು ಮಾಡಿ ನೋಡಿದಂತಾಗುತ್ತದೆ, ಹೊಸದೇನೂ ಕಾಣುವುದಿಲ್ಲ.

ನಿಜವಾದ ವ್ಯತ್ಯಾಸ ಇರುವುದು ಬೆಳಕನ್ನು ಉಳಿಸಿಕೊಳ್ಳುವುದರಲ್ಲಿ. ನೂರು ಬೆಳಕಿನ ಕಣಗಳು, ಅಂದರೆ ಫೋಟಾನ್‌ಗಳು, ಬಿದ್ದರೆ ಫಿಲ್ಮ್ ಒಂದೆರಡನ್ನಷ್ಟೇ ದಾಖಲಿಸುತ್ತದೆ. ಒಳ್ಳೆಯ ಸೆನ್ಸರ್ ಅರ್ಧಕ್ಕಿಂತ ಜಾಸ್ತಿ ಹಿಡಿಯುತ್ತದೆ. ಅಷ್ಟೇ ಅಲ್ಲ. ಫಿಲ್ಮ್‌ನ ಹರಳಿನಲ್ಲಿ ಒಂದು ಫೋಟಾನ್ ಬಿಡಿಸುವ ಒಂಟಿ ಬೆಳ್ಳಿ ಪರಮಾಣು ಬಹಳ ಹೊತ್ತು ನಿಲ್ಲುವುದಿಲ್ಲ. ಬೇಗನೆ ಇನ್ನೊಂದು ಫೋಟಾನ್ ಬಂದು ಜೊತೆಯಾಗದಿದ್ದರೆ ಅದು ಕರಗಿಹೋಗುತ್ತದೆ, ಹರಳು ಮೊದಲಿನಂತಾಗುತ್ತದೆ. ಹಗಲಿನಲ್ಲಿ ಫೋಟಾನ್‌ಗಳು ಮುಗಿಬೀಳುವುದರಿಂದ ಇದು ಗೊತ್ತೇ ಆಗುವುದಿಲ್ಲ. ನೀಹಾರಿಕೆಯಿಂದ ಅವು ಒಂದೊಂದಾಗಿ, ತಡವಾಗಿ ಬರುತ್ತವೆ. ಎಕ್ಸ್‌ಪೋಷರ್ ಎರಡು ಪಟ್ಟು ಮಾಡಿದರೂ ಫಲ ಎರಡು ಪಟ್ಟಾಗುವುದಿಲ್ಲ. ಜರ್ಮನಿಯ ಖಗೋಳ ವಿಜ್ಞಾನಿ ಕಾರ್ಲ್ ಶ್ವಾರ್ಜ್‌ಶೀಲ್ಡ್ 19ನೇ ಶತಮಾನದ ಕೊನೆಯಲ್ಲೇ ನಕ್ಷತ್ರಗಳ ಫೋಟೋ ತೆಗೆದು ಇದನ್ನು ಅಳೆದಿದ್ದರು. ಇದಕ್ಕೆ ಮದ್ದಾಗಿ ಟೆಕ್ನಿಕಲ್ ಪ್ಯಾನ್ ಫಿಲ್ಮನ್ನು 92 ಪಾಲು ನೈಟ್ರೋಜನ್, 8 ಪಾಲು ಹೈಡ್ರೋಜನ್ ತುಂಬಿದ ಡಬ್ಬಿಯಲ್ಲಿ ಗಂಟೆಗಟ್ಟಲೆ ಬೆಚ್ಚಗಿಡುತ್ತಿದ್ದರು. ಆ ತಾಳ್ಮೆ ನನಗೆ ಇಂದಿಗೂ ದೊಡ್ಡದಾಗಿ ಕಾಣುತ್ತದೆ.

ಅಷ್ಟು ಮಾಡಿದ ಮೇಲೂ ಒಂದೇ ಚೌಕಟ್ಟಿಗೆ ಗಂಟೆ ಹೊತ್ತು ಷಟರ್ ತೆರೆದಿಡಬೇಕಿತ್ತು. ನಡುವೆ ಒಂದು ಲಾರಿಯ ಹೆಡ್‌ಲೈಟ್ ಬಿದ್ದರೆ ಎಲ್ಲ ಹೋಯಿತು. ಸೆನ್ಸರ್‌ನಲ್ಲಿ ಎರಡೆರಡು ನಿಮಿಷದ ತುಣುಕು ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸುತ್ತಾರೆ. 16 ಚಿತ್ರ ಕೂಡಿಸಿ ಸರಾಸರಿ ತೆಗೆದರೆ ಚಿತ್ರದಲ್ಲಿನ ಕಾಳುಕಾಳಾದ ಗದ್ದಲ, ಅಂದರೆ ನಾಯ್ಸ್, ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಲಾರಿ ಬಂದ ಚಿತ್ರವನ್ನು ಸುಮ್ನೆ ಬಿಟ್ಟರಾಯಿತು.

ಬರೀ ಟ್ರೈಪಾಡ್ ಇಟ್ಟು ತೆಗೆಯುವವರಿಗೆ ಒಂದು ಮಾತು. 500ನ್ನು ಫೋಕಲ್ ಲೆಂತ್‌ನಿಂದ ಭಾಗಿಸಿ ಅಷ್ಟು ಸೆಕೆಂಡ್ ತೆರೆದಿಡಿ ಎನ್ನುವ ನಿಯಮ ರೀಲಿನ ಕಾಲದ್ದು. 24 ಮಿಲಿಮೀಟರ್ ಲೆನ್ಸ್‌ಗೆ ಸುಮಾರು 20 ಸೆಕೆಂಡ್ ಬರುತ್ತದೆ. ಭೂಮಿ ತಿರುಗುವುದರಿಂದ ಓರಾಯನ್ ನಕ್ಷತ್ರಪುಂಜದ ಬೆಲ್ಟಿನ ಹತ್ತಿರದ ನಕ್ಷತ್ರ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತದೆ. 20 ಸೆಕೆಂಡಿನಲ್ಲಿ ಅದು 6 ಮೈಕ್ರಾನ್‌ನ ಆರು ಪಿಕ್ಸೆಲ್ ದಾಟುತ್ತದೆ. ಪೋಸ್ಟ್‌ಕಾರ್ಡ್ ಅಳತೆಯ ಪ್ರಿಂಟಿನಲ್ಲಿ ಇದು ಕಾಣುತ್ತಿರಲಿಲ್ಲ, ಪರದೆಯಲ್ಲಿ ಹಿಗ್ಗಿಸಿದರೆ ನಕ್ಷತ್ರ ಜೀರಿಗೆ ಕಾಳಿನಂತೆ ಉದ್ದವಾಗಿರುತ್ತದೆ. ಎಕ್ಸ್‌ಪೋಷರನ್ನು ಅರ್ಧಕ್ಕಿಳಿಸಿ, ಚಿತ್ರಗಳ ಸಂಖ್ಯೆ ಹೆಚ್ಚಿಸಿ.

ಹಳೆಯ ಪ್ರಿಂಟ್ ನೋಡಿ ರೀಲನ್ನು ಅಳೆಯುವುದೇ ತಪ್ಪು. 4×6 ಇಂಚಿನ ಪ್ರಿಂಟ್ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 2 ಮೆಗಾಪಿಕ್ಸೆಲ್ ಸ್ವಲ್ಪ ದಾಟುತ್ತದೆ ಅಷ್ಟೇ. ಸಾಧಾರಣ ನೆಗೆಟಿವ್‌ನಲ್ಲೂ ಅದರ ನಾಲ್ಕು ಪಟ್ಟು ವಿವರ ಇರಬಹುದು. ಅದೂ ಸ್ಟುಡಿಯೋದಲ್ಲಿ ನಕ್ಷತ್ರದ ಚೌಕಟ್ಟು ಖಾಲಿ ಬಂದಿದೆ ಎಂದುಕೊಂಡು ಪ್ರಿಂಟೇ ಹಾಕದೆ ಬಿಡುತ್ತಿದ್ದರು. ರೀಲನ್ನು ತುಂಡು ಮಾಡುವಾಗ ಚೌಕಟ್ಟಿನ ಅಂಚು ಕಾಣದೆ ಕತ್ತರಿ ನೇರ ಆಕಾಶದ ನಡುವೆ ಹೋಗುತ್ತಿದ್ದದ್ದೂ ಉಂಟು. ತಿಳಿದವರು ರೀಲಿನ ಮೊದಲ ಚಿತ್ರ ಹಗಲಿನಲ್ಲಿ ತೆಗೆದು ಗುರುತು ಮಾಡಿಕೊಳ್ಳುತ್ತಿದ್ದರು.

1997ರ ಏಪ್ರಿಲ್ ಸಂಜೆಗಳಲ್ಲಿ ವಾಯವ್ಯಕ್ಕೆ ಹೇಲ್-ಬಾಪ್ ಧೂಮಕೇತು ಕಾಣುತ್ತಿತ್ತು. ಅದರ ನೆಗೆಟಿವ್ ನಿಮ್ಮ ಮನೆಯ ಕಪಾಟಿನಲ್ಲಿದ್ದರೆ ಈಗ ಹೊರಗೆ ತೆಗೆಯಿರಿ. ಧಾರವಾಡದ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುವ ಮೊದಲೇ ಮ್ಯಾಕ್ರೋ ಲೆನ್ಸ್ ಹಾಕಿದ ಕ್ಯಾಮೆರಾದಲ್ಲಿ, ಹಿಂದಿನಿಂದ ಬಿಳಿ ದೀಪ ಕೊಟ್ಟು ಫೋಟೋ ತೆಗೆದುಕೊಳ್ಳಿ. ಬಟ್ಟೆಯಿಂದ ಒರೆಸಬೇಡಿ, ಗಾಳಿ ಊದಿ ಸಾಕು. ನೆಗೆಟಿವ್ ಮೇಲಿನ ಧೂಳು ಬಣ್ಣ ತಿರುಗಿಸಿದಾಗ ಬಿಳಿ ಚುಕ್ಕೆಯಾಗಿ ನಕ್ಷತ್ರದಂತೆಯೇ ಕಾಣುತ್ತದೆ. ಹಾಗಾಗಿ ಮತ್ತೊಮ್ಮೆ ಊದಿ ಎರಡನೇ ಸಲ ತೆಗೆಯಿರಿ. ಎರಡರಲ್ಲಿ ಒಂದರಲ್ಲಿ ಮಾತ್ರ ಇರುವ ಚುಕ್ಕೆ ಧೂಳು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.