ಹ್ಯಾಂಡಲ್ ಬಲಕ್ಕೆ, ಚಕ್ರ ಎಡಕ್ಕೆ

ನರಗಳ ತೊಂದರೆಯಿಂದ ಚಲನೆ ಕುಂದಿದವರಿಗೆ ಫಿಸಿಯೊಥೆರಪಿ ನೀಡುವ ನನ್ನ ವೃತ್ತಿಯಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ಮಾತೊಂದಿದೆ: "ಹೇಗೆ ಮಾಡಬೇಕೆಂದು ಗೊತ್ತು, ಆದರೆ ಮೈ ಮಾತು ಕೇಳುತ್ತಿಲ್ಲ." ಆರೋಗ್ಯವಂತರಿಗೂ ಈ ಅನುಭವ ಕ್ಷಣಾರ್ಧದಲ್ಲಿ ಆಗಬೇಕೆಂದಿದ್ದರೆ ಅವರನ್ನು ತಿರುವುಮುರುವು ಹ್ಯಾಂಡಲ್ಲಿನ ಸೈಕಲ್ ಮೇಲೆ ಕೂರಿಸಿದರೆ ಸಾಕು. ಅದರ ರಚನೆ ಸರಳ. ಹ್ಯಾಂಡಲ್ಲಿನ ದಂಡವನ್ನೂ ಮುಂಚಕ್ರ ಹಿಡಿದಿರುವ ಫೋರ್ಕನ್ನೂ ಬೇರ್ಪಡಿಸಿ, ನಡುವೆ ಒಂದೇ ಅಳತೆಯ ಎರಡು ಹಲ್ಲುಚಕ್ರಗಳನ್ನು ಕೂರಿಸಿರುತ್ತಾರೆ. ಪರಸ್ಪರ ಕಚ್ಚಿಕೊಂಡ ಹಲ್ಲುಚಕ್ರಗಳು ವಿರುದ್ಧ ದಿಕ್ಕಿಗೆ ಸುತ್ತುವುದರಿಂದ ಹ್ಯಾಂಡಲ್ ಬಲಕ್ಕೆ ಹೊರಳಿದಷ್ಟೇ ಚಕ್ರ ಎಡಕ್ಕೆ ಹೊರಳುತ್ತದೆ.

ಇದನ್ನು ಜಗತ್ತಿಗೆಲ್ಲ ಪರಿಚಯಿಸಿದವರು ಅಮೆರಿಕದ ಎಂಜಿನಿಯರ್ ಡೆಸ್ಟಿನ್ ಸ್ಯಾಂಡ್ಲಿನ್. 2015ರಲ್ಲಿ ಅವರು ಹೇಳಿಕೊಂಡಂತೆ, ದಿನಕ್ಕೆ ಸುಮಾರು 5 ನಿಮಿಷ ಅಭ್ಯಾಸ ಮಾಡಿ ಇದನ್ನು ಓಡಿಸಲು ಅವರಿಗೆ 8 ತಿಂಗಳು ಬೇಕಾಯಿತು. ಅವರ ಪುಟ್ಟ ಮಗ 2 ವಾರಗಳಲ್ಲಿ ಕಲಿತ.

ಹ್ಯಾಂಡಲ್ ಇರುವುದು ತಿರುವುಗಳಿಗಾಗಿ ಎಂದು ನಾವು ಭಾವಿಸುತ್ತೇವಾದರೂ ಅದರ ಮೊದಲ ಕೆಲಸ ಸವಾರನನ್ನು ಬೀಳದಂತೆ ಕಾಯುವುದು. ಸೈಕಲ್ ಬಲಕ್ಕೆ ವಾಲಿದರೆ ಸವಾರನ ಕೈ, ಅವನ ಅರಿವಿಗೇ ಬಾರದಂತೆ, ಹ್ಯಾಂಡಲನ್ನು ಕೊಂಚ ಬಲಕ್ಕೆ ಹೊರಳಿಸುತ್ತದೆ. ಆಗ ಚಕ್ರಗಳು ವಾಲಿದ ಭಾರದ ಅಡಿಗೆ ಸರಿದು ಬಂದು ಸೈಕಲ್ ಮತ್ತೆ ನೆಟ್ಟಗಾಗುತ್ತದೆ. ನೇರವಾದ ರಸ್ತೆಯಲ್ಲೂ ಇಂಥ ಸಣ್ಣ ತಿದ್ದುಪಡಿಗಳು ಎಡೆಬಿಡದೆ ನಡೆದಿರುತ್ತವೆ. ಹ್ಯಾಂಡಲ್ ತಿರುವುಮುರುವಾದಾಗ ಅದೇ ತಿದ್ದುಪಡಿ ಚಕ್ರವನ್ನು ಭಾರದಿಂದ ಆಚೆಗೆ ಒಯ್ಯುತ್ತದೆ, ವಾಲುವಿಕೆ ಹೆಚ್ಚುತ್ತದೆ, ಗಾಬರಿಯಾದ ದೇಹ ಅದೇ ತಪ್ಪನ್ನು ಇನ್ನಷ್ಟು ಜೋರಾಗಿ ಮಾಡುತ್ತದೆ. ಯೋಚಿಸಿ ತಿದ್ದೋಣವೆಂದರೆ ಅದಕ್ಕೆ ವ್ಯವಧಾನವಿಲ್ಲ. ಕಣ್ಣಿಗೆ ಬಿದ್ದದ್ದಕ್ಕೆ ಬರಿದೇ ಸ್ಪಂದಿಸಲು ಸೆಕೆಂಡಿನ ಐದನೇ ಒಂದು ಭಾಗ ಬೇಕು; ಎಡವೋ ಬಲವೋ ಎಂದು ಆರಿಸಬೇಕಾದರೆ ಇನ್ನೂ ಹೆಚ್ಚು.

ಹ್ಯಾಂಡಲ್ ಹೊರಳಿದ್ದರ ಅರ್ಧದಷ್ಟೇ ಚಕ್ರ ಹೊರಳುವಂತೆ ಮಾಡಿದ್ದರೆ ಇಷ್ಟು ಹೆಣಗಬೇಕಿರಲಿಲ್ಲ. ಅಲ್ಲಿ ತಿದ್ದುಪಡಿಯ ದಿಕ್ಕು ಸರಿಯಾಗಿದ್ದು ಪ್ರಮಾಣ ಮಾತ್ರ ತಪ್ಪಿರುತ್ತದೆ, ಮತ್ತು ಪ್ರಮಾಣವನ್ನು ಸರಿಪಡಿಸುವುದರಲ್ಲಿ ಕಿರುಮೆದುಳು ಪಳಗಿದ ಕೈ. ನೋಟವನ್ನು ಒಂದು ಪಕ್ಕಕ್ಕೆ ಸರಿಸುವ ಪಟ್ಟಕದ ಕನ್ನಡಕ ಹಾಕಿಕೊಂಡು ಚೆಂಡೆಸೆಯುವವರು ಮೊದಲು ಗುರಿ ತಪ್ಪಿದರೂ ಹತ್ತಾರು ಎಸೆತಗಳಲ್ಲಿ ಸರಿಹೋಗುತ್ತಾರೆ. ದಿಕ್ಕೇ ತಿರುಗಿದಾಗ ಮಾತ್ರ ಹಳೆಯ ಕೌಶಲವನ್ನು ತಿದ್ದಿ ಪ್ರಯೋಜನವಿಲ್ಲ. ಅದರ ಪಕ್ಕದಲ್ಲಿ ಹೊಸದೊಂದನ್ನು ಮೊದಲಿನಿಂದ ಕಟ್ಟಬೇಕು. ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆಯನ್ನು ಪೆನ್ಸಿಲ್ಲಿನಿಂದ ಹಿಂಬಾಲಿಸುವುದೂ ಇದೇ ಜಾತಿಯ ಕಲಿಕೆ. ಮೆದುಳಿನ ಶಸ್ತ್ರಚಿಕಿತ್ಸೆಯ ನಂತರ ಹೊಸ ನೆನಪುಗಳು ನಿಲ್ಲದಂತಾಗಿದ್ದ, ಎಚ್‌.ಎಂ. ಎಂದೇ ಪ್ರಸಿದ್ಧನಾದ ರೋಗಿ ಈ ಕೆಲಸದಲ್ಲಿ ದಿನದಿಂದ ದಿನಕ್ಕೆ ಸುಧಾರಿಸಿದ್ದನ್ನು ನರಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ 1962ರಲ್ಲಿ ವರದಿ ಮಾಡಿದರು. ಹಿಂದಿನ ದಿನ ಅಭ್ಯಾಸ ಮಾಡಿದ್ದೇ ಅವನಿಗೆ ನೆನಪಿರಲಿಲ್ಲ, ಕೈ ಮಾತ್ರ ಕಲಿತಿತ್ತು. ತಿಳಿವಳಿಕೆಯ ದಾರಿ ಬೇರೆ, ಕೈಗೂಡುವ ದಾರಿ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ನನಗೆ ಗೊತ್ತಿಲ್ಲ.

ಆದ್ದರಿಂದ ಕಲಿಯಬಯಸುವವರು "ಬಲವೆಂದರೆ ಎಡ" ಎಂದು ಮನಸ್ಸಿನಲ್ಲಿ ಪಠಿಸುವುದನ್ನು ಮೊದಲು ಬಿಡಬೇಕು. ಪೆಡಲುಗಳನ್ನು ಕಳಚಿ, ಎರಡೂ ಪಾದಗಳು ಪೂರ್ತಿ ನೆಲಕ್ಕೆ ಊರುವಷ್ಟು ಸೀಟನ್ನು ಇಳಿಸಿ, ಹೆಲ್ಮೆಟ್ ಧರಿಸಿ, ವಾಹನಗಳಿಲ್ಲದ ಬಯಲಿನಲ್ಲಿ ಕಾಲಿನಿಂದ ತಳ್ಳುತ್ತ ಸಾಗುವುದು ನನ್ನ ಸಲಹೆ. ಬೀಳುವ ಭಯ ಹೋದರೆ ಹಿಡಿತ ಸಡಿಲವಾಗುತ್ತದೆ; ಬಿಗಿಹಿಡಿತವಿದ್ದಷ್ಟೂ ಹಳೆಯ ಚಾಳಿ ಮೇಲುಗೈ ಪಡೆಯುತ್ತದೆ. ಲೋಟ ಎತ್ತಲು ಕಲಿಯುತ್ತಿರುವ ಪಾರ್ಶ್ವವಾಯು ಪೀಡಿತರಿಗೆ ಬೆರಳನ್ನಲ್ಲ, ಲೋಟವನ್ನು ನೋಡಿ ಎಂದು ಹೇಳುತ್ತೇನೆ. ಇಲ್ಲಿಯೂ ಗಮನ ಕೈಯ ಮೇಲಿರದೆ ಚಕ್ರ ಹೋಗಬೇಕಾದ ಜಾಗದ ಮೇಲಿರಲಿ. ವಾರಕ್ಕೊಮ್ಮೆ ಒಂದು ಗಂಟೆ ಸೆಣಸುವುದಕ್ಕಿಂತ ದಿನವೂ ಹತ್ತು ನಿಮಿಷ ಮೇಲು, ಏಕೆಂದರೆ ಕಲಿತದ್ದು ಗಟ್ಟಿಯಾಗುವುದು ಬಹುಪಾಲು ಅಭ್ಯಾಸಗಳ ನಡುವಿನ ವಿರಾಮದಲ್ಲಿ, ಅದರಲ್ಲೂ ನಿದ್ದೆಯಲ್ಲಿ. ವಾರಗಟ್ಟಲೆ ಏನೂ ಬದಲಾಗದೆ ಒಂದು ದಿನ ಇದ್ದಕ್ಕಿದ್ದಂತೆ ನಾಲ್ಕು ಮಾರು ಸಾಗಿದರೆ ಅಚ್ಚರಿಪಡಬೇಕಾಗಿಲ್ಲ. ಹೊಸ ಕೌಶಲ ಹಳೆಯದನ್ನು ಹಿಂದಿಕ್ಕುವವರೆಗೆ ಹೊರಗಿನಿಂದ ಏನೂ ಕಾಣುವುದಿಲ್ಲ.

ಹಾಗೆ ಗೆದ್ದ ಕೌಶಲವೂ ಆರಂಭದಲ್ಲಿ ದುರ್ಬಲವಾಗಿರುತ್ತದೆ, ಗಮನ ತುಸು ಚೆದುರಿದರೂ ಕೈ ಹಳೆಯ ದಾರಿ ಹಿಡಿಯುತ್ತದೆ. ಅದು ಬೇರೂರಿದ ಮೇಲೆ ತೊಡಕು ಎದುರಾಗುವುದು ಇನ್ನೊಂದು ಕಡೆಯಿಂದ. ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾಮೂಲಿ ಸೈಕಲ್ ಏರಿದ ಸ್ಯಾಂಡ್ಲಿನ್ ಸುಮಾರು 20 ನಿಮಿಷ ತಡವರಿಸಿ, ಆಮೇಲೆ ಒಮ್ಮೆಲೇ ಸರಾಗವಾಗಿ ಓಡಿಸಿದರು. ತಿಂಗಳುಗಳ ಬದಲು ನಿಮಿಷಗಳು ಸಾಕಾದವೆಂದರೆ ಹಳೆಯದು ಅಳಿಸಿಹೋಗಿರಲಿಲ್ಲವೆಂದಾಯಿತು. ಆದರೂ ಆ ಕೆಲವು ನಿಮಿಷಗಳೇ ಅಪಾಯಕಾರಿಯಾಗಿರುವುದರಿಂದ, ತಿರುವುಮುರುವು ಸೈಕಲ್ಲಿನಿಂದ ಇಳಿದವರು ಮಾಮೂಲಿ ಸೈಕಲ್ಲನ್ನು ಅದೇ ಬಯಲಿನಲ್ಲಿ ನಾಲ್ಕು ಸುತ್ತು ಓಡಿಸಿ, ಬ್ರೇಕು ಹಿಡಿದು, ಎರಡೂ ಬದಿಗೆ ತಿರುಗಿಸಿ ನೋಡಿದ ನಂತರವೇ ರಸ್ತೆಗೆ ಇಳಿಯಬೇಕು.