ನಿಕೋಟಿನ್‌ಗೆ ಮಿದುಳಿನೊಳಗೇ ಒಬ್ಬ ಗೆಳೆಯ

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಹತ್ತಿರದ ಗೂಡಂಗಡಿಗಳ ಮುಂದೆ ಸುಮ್ನೆ ಹತ್ತು ನಿಮಿಷ ನಿಂತು ನೋಡಿ. ಒಂದು ಕೈಯಲ್ಲಿ ಚಾ ಗ್ಲಾಸು, ಇನ್ನೊಂದರಲ್ಲಿ ಸಿಗರೇಟು. ಸಾರ್ವಜನಿಕ ಜಾಗದಲ್ಲಿ ಸೇದಬಾರದೆಂಬ ಕಾನೂನು ಅದರ ಪಾಡಿಗೆ ಅದಿದೆ. ಆಟಿಯ ಮಳೆ ಹಿಡಿದರಂತೂ ಕೇಳುವುದೇ ಬೇಡ. ಸಿಗರೇಟು ಬಿಟ್ಟು ತಿಂಗಳುಗಳಾದವರೂ ಪಕ್ಕದವರ ಹೊಗೆ ಮೂಗಿಗೆ ಬಡಿದರೆ ಕಿಸೆ ತಡಕುತ್ತಾರೆ. ಮೈಯಲ್ಲಿ ನಿಕೋಟಿನ್ ಇಲ್ಲವೇ ಇಲ್ಲ. ಮತ್ತೆ ಈ ಚಪಲ ಎಲ್ಲಿಂದ ಬಂತು?

ಉತ್ತರದ ಒಂದು ತುಂಡು ಸಿಕ್ಕಿದ್ದು ಗಾಂಜಾದ ಬೆನ್ನುಹತ್ತಿದ ವಿಜ್ಞಾನಿಗಳಿಗೆ. ಗಾಂಜಾದ ನಶೆಗೆ ಕಾರಣವಾದ ಟಿಎಚ್‌ಸಿಯನ್ನು 1964ರಲ್ಲಿ ಇಸ್ರೇಲಿನ ರಫಾಯೆಲ್ ಮೆಕೊಲಮ್ ಮತ್ತು ಯೆಹಿಯೆಲ್ ಗಾವೊನಿ ಬೇರ್ಪಡಿಸಿದರು. ಅದು ಮಿದುಳಿನಲ್ಲಿ ಹೋಗಿ ಕೂರುವ ಜಾಗ, ಅಂದರೆ ಸಿಬಿ1 ಗ್ರಾಹಕ, 1988ರಲ್ಲಿ ಪತ್ತೆಯಾಯಿತು. ಗಾಂಜಾ ಮುಟ್ಟದವರ ತಲೆಯಲ್ಲೂ ಇದೆ ಅದು. ಯಾಕೆಂದರೆ ಮಿದುಳು ಅಂಥದ್ದೇ ವಸ್ತುಗಳನ್ನು ತಾನೇ ತಯಾರಿಸುತ್ತದೆ. 1992ರಲ್ಲಿ ಆನಂದಮೈಡ್ ಸಿಕ್ಕಿತು, 1995ರಲ್ಲಿ 2-ಎಜಿ.

ಈಗ ನಿಕೋಟಿನ್ ಕಡೆ ಬರೋಣ. ದಮ್ಮು ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಅದು ಮಿದುಳು ಸೇರಿ, ‘ಇನ್ನೂ ಬೇಕು’ ಅನಿಸುವ ಸೆಳೆತ ಹುಟ್ಟಿಸುವ ಡೋಪಮೈನ್ ಎಂಬ ರಾಸಾಯನಿಕದ ಕೋಶಗಳನ್ನು ಕೆರಳಿಸುತ್ತದೆ. ಈ ಕೋಶಗಳಿಗೆ ಗಾಬಾ ಎಂಬ ರಾಸಾಯನಿಕದ ಬ್ರೇಕ್ ಇದೆ. ಕೆರಳಿದ ಕೋಶ 2-ಎಜಿ ಉತ್ಪಾದಿಸಿ ಹಿಂದಕ್ಕೆ ಕಳಿಸುತ್ತದೆ. ನರಕೋಶಗಳ ನಡುವೆ ಸಂದೇಶ ಸಾಮಾನ್ಯವಾಗಿ ಮುಂದಕ್ಕೇ ಹೋಗುವುದು, ಇದು ಮಾತ್ರ ಉಲ್ಟಾ. ಗಾಬಾ ಬಿಡುಗಡೆಯಾಗುವ ತುದಿಯ ಸಿಬಿ1 ಮೇಲೆ ಅದು ಕೂತರೆ ಗಾಬಾ ಕಡಿಮೆಯಾಗುತ್ತದೆ. ಬ್ರೇಕ್ ಸಡಿಲ, ಡೋಪಮೈನ್ ಜಾಸ್ತಿ.

ಸಿಬಿ1 ಇಲ್ಲದಂತೆ ಹುಟ್ಟಿಸಿದ ಚಿಕ್ಕ ಇಲಿಗಳು (ಮೌಸ್ ಜಾತಿಯವು) ನಿಕೋಟಿನ್ ಸಿಕ್ಕಿದ ಜಾಗಕ್ಕೆ ಆಸೆಪಟ್ಟು ಹೋಗಲಿಲ್ಲ. ಸಿಬಿ1 ಅನ್ನು ತಡೆಯುವ ರಿಮೊನಬಾಂಟ್ ಎಂಬ ಔಷಧ ಕೊಟ್ಟಾಗ ದೊಡ್ಡ ಇಲಿಗಳು (ರ‍್ಯಾಟ್ ಜಾತಿಯವು) ನಿಕೋಟಿನ್ ತೆಗೆದುಕೊಳ್ಳುವುದು ತಗ್ಗಿತು. ನನಗೆ ಇದಕ್ಕಿಂತ ಕುತೂಹಲ ಅನಿಸಿದ್ದು ಇನ್ನೊಂದು ಪ್ರಯೋಗ. ನಿಕೋಟಿನ್ ನಿಲ್ಲಿಸಿ, ಅದರ ಜೊತೆ ಬರುತ್ತಿದ್ದ ದೀಪ ಮತ್ತು ಸದ್ದನ್ನು ಮಾತ್ರ ಕೊಟ್ಟರೂ ಇಲಿಗಳು ಮೊದಲು ನಿಕೋಟಿನ್‌ಗಾಗಿ ಒತ್ತುತ್ತಿದ್ದ ಸನ್ನೆಕೋಲನ್ನು ಒತ್ತುತ್ತಲೇ ಇದ್ದವು. ರಿಮೊನಬಾಂಟ್ ಅದನ್ನೂ ಕಡಿಮೆ ಮಾಡಿತು. ಗೂಡಂಗಡಿಯ ಚಾ ಗ್ಲಾಸು ಮಾಡುವುದೂ ಆ ದೀಪದ ಕೆಲಸವನ್ನೇ ಅಲ್ವಾ?

ಮನುಷ್ಯರಲ್ಲೂ ಫಲ ಕಂಡಿತು. ರಿಮೊನಬಾಂಟ್ ನುಂಗಿದವರಲ್ಲಿ ಸಿಗರೇಟು ಬಿಡುವ ಸಾಧ್ಯತೆ, ಔಷಧವಿಲ್ಲದ ಸಪ್ಪೆ ಮಾತ್ರೆ ನುಂಗಿದವರಿಗಿಂತ ಸುಮಾರು ಒಂದೂವರೆ ಪಟ್ಟು. ಆದರೆ ಕೆಲವರಿಗೆ ಖಿನ್ನತೆ, ಆತಂಕ, ಆತ್ಮಹತ್ಯೆಯ ಯೋಚನೆ ಬಂತು. ತೂಕ ಇಳಿಸಲೆಂದು 2006ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂದಿದ್ದ ಈ ಔಷಧದ ಮಾರಾಟ 2008ರಲ್ಲಿ ನಿಂತಿತು. ಇದು ಆಗಬೇಕಾದದ್ದೇ ಅನ್ನುತ್ತೇನೆ ನಾನು. ಸಿಬಿ1 ಇರುವುದು ಸಿಗರೇಟಿಗೋಸ್ಕರ ಅಲ್ಲ. ಬಂಗುಡೆ ಪುಳಿಮುಂಚಿ ಬಾಯಿಗಿಟ್ಟಾಗಿನ ಸುಖಕ್ಕೂ ಅದರ ನೆರವಿದೆ. ಒಂದನ್ನೇ ಆರಿಸಿ ಬಂದ್ ಮಾಡುವುದು ಹೇಗೆ?

ಸಿಬಿ1 ಮುಚ್ಚುವ ಬದಲು ಆನಂದಮೈಡ್ ಬೇಗ ಒಡೆಯದಂತೆ ತಡೆದೂ ನೋಡಿದ್ದಾರೆ. ದೊಡ್ಡ ಇಲಿಗಳಲ್ಲಿ ನಿಕೋಟಿನ್ ಸೆಳೆತ ಇಳಿಯಿತು, ಚಿಕ್ಕ ಇಲಿಗಳಲ್ಲಿ ಏರಿತು. ಸದ್ಯಕ್ಕೆ ಮೆಡಿಕಲ್ ಶಾಪಿನಲ್ಲಿ ಸಿಗುವುದು ಹಳೆಯ ನಿಕೋಟಿನ್ ಚೂಯಿಂಗ್ ಗಮ್ಮಿನಂಥವೇ.