ಝುಬೈರ್ ಬಿನ್ ಅವ್ವಾಮ್: ಎರಡು ಬಾರಿ ಅಲಿಯವರ ಪರ, ಮೂರನೆಯ ಬಾರಿ ಎದುರು

ಇಸ್ಲಾಮಿನ ಆರಂಭಕಾಲದ ಚರ್ಚೆ ಎಲ್ಲಿಂದಲೇ ಶುರುವಾಗಲಿ, ಕ್ರಿ.ಶ. 656ಕ್ಕೆ ಬಂದ ಕೂಡಲೇ ಸಿಕ್ಕುಬೀಳುತ್ತದೆ. ಆ ವರ್ಷದ ಜೂನ್ ತಿಂಗಳಲ್ಲಿ ಮೂರನೆಯ ಖಲೀಫ (ಪ್ರವಾದಿಯವರ ನಂತರ ಮುಸ್ಲಿಂ ಸಮುದಾಯದ ನಾಯಕ) ಉಸ್ಮಾನ್ ಮದೀನಾದ ತಮ್ಮ ಮನೆಯಲ್ಲೇ ಕೊಲೆಯಾದರು. ಡಿಸೆಂಬರ್ ಹೊತ್ತಿಗೆ ಇರಾಕಿನ ಬಸ್ರಾದ ಹೊರಗೆ ಪ್ರವಾದಿಯವರ ಆಪ್ತ ಸಂಗಾತಿಗಳೇ ಎರಡು ಸೈನ್ಯಗಳಾಗಿ ಎದುರುಬದುರು ನಿಂತಿದ್ದರು. ಒಂದು ಕಡೆ ನಾಲ್ಕನೆಯ ಖಲೀಫ ಅಲಿ. ಇನ್ನೊಂದು ಕಡೆ ಪ್ರವಾದಿಯವರ ಪತ್ನಿ ಆಯಿಷಾ, ತಲ್ಹಾ ಮತ್ತು ಝುಬೈರ್ ಬಿನ್ ಅವ್ವಾಮ್. ಆಯಿಷಾ ಕುಳಿತಿದ್ದ ಒಂಟೆಯಿಂದಾಗಿ ಅದಕ್ಕೆ ಜಮಲ್ (ಅರಬ್ಬಿಯಲ್ಲಿ ಒಂಟೆ) ಯುದ್ಧ ಎಂಬ ಹೆಸರು ಬಂತು.

ಈ ನಾಲ್ವರಲ್ಲಿ ಅರ್ಥಮಾಡಿಕೊಳ್ಳಲು ಅತ್ಯಂತ ಕಷ್ಟವಾದವರು ಝುಬೈರ್. ಖಲೀಫ ಸ್ಥಾನಕ್ಕೆ ಅಲಿಯವರ ಹಕ್ಕಿನ ಪ್ರಶ್ನೆ ಎದ್ದಾಗಲೆಲ್ಲ ಅದುವರೆಗೆ ಅಲಿಯವರ ಪಕ್ಕದಲ್ಲಿ ನಿಂತವರು ಅವರೇ. ಅಂಥವರು ಎದುರು ಪಾಳಯಕ್ಕೆ ಹೋದದ್ದು ಹೇಗೆ ಎಂಬುದನ್ನು ಆ ಆರು ತಿಂಗಳಿಂದ ಮಾತ್ರ ಓದಿದರೆ ತಿಳಿಯುವುದಿಲ್ಲ. ಸಂಬಂಧಗಳಿಂದಲೇ ಆರಂಭಿಸಬೇಕು.

ಝುಬೈರರ ತಾಯಿ ಸಫಿಯ್ಯಾ ಅಬ್ದುಲ್ ಮುತ್ತಲಿಬರ ಮಗಳು. ಅಂದರೆ ಪ್ರವಾದಿ ಮುಹಮ್ಮದರಿಗೂ ಅಲಿಯವರಿಗೂ ಝುಬೈರ್ ಸೋದರತ್ತೆಯ ಮಗ. ತಂದೆ ಅವ್ವಾಮ್ ಪ್ರವಾದಿಯವರ ಮೊದಲ ಪತ್ನಿ ಖದೀಜಾರ ಸಹೋದರ. ಹಾಗಾಗಿ ಖದೀಜಾ ಝುಬೈರರಿಗೆ ಸೋದರತ್ತೆ. ಮುಂದೆ ಝುಬೈರ್, ಮೊದಲ ಖಲೀಫರಾಗಲಿದ್ದ ಅಬೂಬಕರರ ಮಗಳು ಅಸ್ಮಾರನ್ನು ಮದುವೆಯಾದರು. ಅಸ್ಮಾರ ತಂಗಿಯೇ ಆಯಿಷಾ. ಹೀಗೆ ಪ್ರವಾದಿಯವರೂ ಝುಬೈರರೂ ಷಡ್ಡಕರಾದರು. ಬಸ್ರಾದ ಬಯಲಿನಲ್ಲಿ ನಿಂತಾಗ ಝುಬೈರರ ಪಕ್ಕದಲ್ಲಿದ್ದವರು ನಾದಿನಿ, ಎದುರಿಗಿದ್ದವರು ಸೋದರಮಾವನ ಮಗ. ಇತಿಹಾಸದ ಪುಸ್ತಕಗಳು ಇದನ್ನು ಬಣಗಳ ಜಗಳವೆಂದು ಬರೆಯುತ್ತವೆ. ಅದು ಒಂದೇ ಕುಟುಂಬ ಒಡೆದ ಕಥೆಯೂ ಹೌದು.

ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಝುಬೈರರನ್ನು ಸಫಿಯ್ಯಾ ಕಠಿಣ ಶಿಸ್ತಿನಲ್ಲಿ ಬೆಳೆಸಿದರು. ಹದಿಹರೆಯದಲ್ಲೇ ಅವರು ಇಸ್ಲಾಂ ಸ್ವೀಕರಿಸಿದರು. ಪ್ರವಾದಿಯವರಿಗೆ ಅಪಾಯವಾಗಿದೆ ಎಂಬ ಗಾಳಿಸುದ್ದಿ ಕೇಳಿ ಮಕ್ಕಾದ ಬೀದಿಗೆ ಕತ್ತಿ ಹಿರಿದು ಓಡಿದ ಅವರನ್ನು, ಇಸ್ಲಾಮಿಗಾಗಿ ಕತ್ತಿ ಹಿರಿದ ಮೊದಲಿಗ ಎಂದು ಪರಂಪರೆ ನೆನೆಯುತ್ತದೆ. ಕಿರುಕುಳ ಹೆಚ್ಚಾದಾಗ ಅಬಿಸೀನಿಯಾಕ್ಕೆ (ಇಂದಿನ ಇಥಿಯೋಪಿಯಾ ಭಾಗ) ವಲಸೆ ಹೋದವರಲ್ಲಿ ಅವರೂ ಒಬ್ಬರು. ಅಲ್ಲಿ ಆಶ್ರಯ ಕೊಟ್ಟ ರಾಜ ನಜಾಶಿಯ ವಿರುದ್ಧ ದಂಗೆ ಎದ್ದಾಗ, ಗಾಳಿ ತುಂಬಿದ ತೊಗಲಚೀಲವನ್ನು ಎದೆಗೆ ಕಟ್ಟಿಕೊಂಡು ನೈಲ್ ನದಿ ಈಜಿ, ಆಚೆ ದಡದ ಕಾಳಗದ ಫಲಿತಾಂಶ ತಿಳಿದು ಬಂದವರು ಈ ತರುಣ ಎಂದು ಅಲ್ಲಿದ್ದ ಉಮ್ಮು ಸಲಮಾ ನೆನಪಿಸಿಕೊಂಡಿದ್ದಾರೆ.

ಮದೀನಾದ ಮೊದಲ ವರ್ಷಗಳು ಬಡತನದವು. ಗಂಡನ ಬಳಿ ಒಂದು ಕುದುರೆ ಮತ್ತು ನೀರು ಹೊರುವ ಒಂದು ಒಂಟೆ ಬಿಟ್ಟರೆ ಏನೂ ಇರಲಿಲ್ಲ, ದೂರದ ಜಮೀನಿನಿಂದ ಖರ್ಜೂರದ ಬೀಜಗಳನ್ನು ತಾನೇ ತಲೆಯ ಮೇಲೆ ಹೊತ್ತು ತರುತ್ತಿದ್ದೆ ಎಂದು ಅಸ್ಮಾ ಹೇಳಿದ್ದು ಹದೀಸ್ ಗ್ರಂಥಗಳಲ್ಲಿದೆ. ಬದ್ರ್, ಉಹುದ್, ಕಂದಕ, ಖೈಬರ್, ಮಕ್ಕಾ ವಿಜಯ, ಯರ್ಮೂಕ್, ಈಜಿಪ್ಟ್: ಮುಂದಿನ ಎರಡು ದಶಕಗಳು ಯುದ್ಧಗಳಲ್ಲೇ ಕಳೆದವು. ಅವರ ಹೆಗಲ ಮೇಲಿನ ಹಳೆಯ ಗಾಯದ ಕುಳಿಗಳಲ್ಲಿ ಬೆರಳಿಟ್ಟು ಆಡುತ್ತಿದ್ದೆ ಎಂದು ಮಗ ಉರ್ವಾ ಹೇಳುತ್ತಾರೆ. 627ರ ಕಂದಕ ಯುದ್ಧದಲ್ಲಿ ಶತ್ರುಗಳ ಸುದ್ದಿ ತರುವವರು ಯಾರು ಎಂದು ಪ್ರವಾದಿ ಮತ್ತೆ ಮತ್ತೆ ಕೇಳಿದಾಗ ಪ್ರತಿ ಬಾರಿಯೂ ಮುಂದೆ ಬಂದವರು ಝುಬೈರ್. ಪ್ರತಿ ಪ್ರವಾದಿಗೂ ಒಬ್ಬ ಆಪ್ತ ಸಹಾಯಕನಿರುತ್ತಾನೆ, ನನ್ನವನು ಝುಬೈರ್ ಎಂಬ ಮಾತು ಬಂದದ್ದು ಆಗಲೇ.

ನೆಂಟಸ್ತನದ ತೊಡಕು ಆ ಕಾಲಕ್ಕೇ ತಲೆದೋರಿತ್ತು. ಮದೀನಾ ಬಳಿಯ ಹರ್ರಾದ ಕಾಲುವೆ ನೀರಿನ ಸರದಿಗಾಗಿ ಝುಬೈರರಿಗೂ ಒಬ್ಬ ಅನ್ಸಾರಿಗೂ (ಪ್ರವಾದಿಯವರಿಗೆ ನೆರವಾದ ಮದೀನಾದ ಸ್ಥಳೀಯ ಮುಸ್ಲಿಂ) ಜಗಳವಾಯಿತು. ನಿನ್ನ ತೋಟಕ್ಕೆ ಹಾಯಿಸಿಕೊಂಡು ನೆರೆಯವನಿಗೆ ಬಿಡು ಎಂದರು ಪ್ರವಾದಿ. ‘ಅವನು ನಿಮ್ಮ ಸೋದರತ್ತೆಯ ಮಗ ಅಂತಲೇ?’ ಎಂದು ಅನ್ಸಾರಿ ಕೇಳಿಬಿಟ್ಟರು. ಪ್ರವಾದಿಯವರ ಮುಖದ ಬಣ್ಣ ಬದಲಾಯಿತು. ಮೊದಲು ಝುಬೈರರಿಗೆ ಉದಾರವಾಗಿರಲು ಸೂಚಿಸಿದ್ದವರು, ಈ ಮಾತಿನ ಬಳಿಕ ಅವರ ಪೂರ್ಣ ಹಕ್ಕನ್ನೇ ಎತ್ತಿಹಿಡಿದರು. ಕುರ್‌ಆನಿನ ನಾಲ್ಕನೆಯ ಅಧ್ಯಾಯದ 65ನೆಯ ಸೂಕ್ತ ಈ ಪ್ರಸಂಗದ ಕುರಿತಾದದ್ದೆಂದು ಝುಬೈರ್ ಭಾವಿಸಿದ್ದರು.

632ರಲ್ಲಿ ಪ್ರವಾದಿ ತೀರಿಕೊಂಡಾಗ, ಅಬೂಬಕರರಿಗೆ ನಿಷ್ಠೆಯ ಪ್ರತಿಜ್ಞೆ ಮಾಡದೆ ಅಲಿಯವರ ಜೊತೆ ಪ್ರತ್ಯೇಕವಾಗಿ ಉಳಿದವರಲ್ಲಿ ಝುಬೈರ್ ಇದ್ದರು. ಅಬೂಬಕರ್ ಝುಬೈರರಿಗೆ ಹೆಣ್ಣು ಕೊಟ್ಟ ಮಾವ ಎಂಬುದನ್ನು ಗಮನಿಸಬೇಕು. 644ರಲ್ಲಿ ಸಾಯುವ ಮುನ್ನ ಎರಡನೆಯ ಖಲೀಫ ಉಮರ್ ಮುಂದಿನ ಖಲೀಫರನ್ನು ಆರಿಸಲು ಆರು ಜನರ ಸಮಿತಿ ರಚಿಸಿದಾಗ, ಅದರಲ್ಲಿದ್ದ ಝುಬೈರ್ ತಮ್ಮ ಹಕ್ಕನ್ನು ಅಲಿಯವರಿಗೆ ಬಿಟ್ಟುಕೊಟ್ಟರು. ಆಯ್ಕೆಯಾದದ್ದು ಉಸ್ಮಾನ್.

ಉಸ್ಮಾನರ ಹನ್ನೆರಡು ವರ್ಷಗಳ ಕೊನೆಗೆ ಈಜಿಪ್ಟ್, ಕೂಫಾ, ಬಸ್ರಾಗಳಿಂದ ಬಂದ ಅಸಮಾಧಾನಿಗಳು ಅವರ ಮನೆಗೆ ಮುತ್ತಿಗೆ ಹಾಕಿದರು. ಕೊಲೆಯಾದ ಮೇಲೆ ಜನ ಅಲಿಯವರ ಮೇಲೆ ಒತ್ತಡ ತಂದು ಖಲೀಫರನ್ನಾಗಿ ಮಾಡಿದರು. ತಲ್ಹಾ ಮತ್ತು ಝುಬೈರ್ ಕೂಡ ಪ್ರತಿಜ್ಞೆ ಮಾಡಿದರು ಎನ್ನುತ್ತವೆ ಹೆಚ್ಚಿನ ವರದಿಗಳು. ಮನಸಾರೆ ಮಾಡಿದರೋ ಕತ್ತಿಯ ಭಯದಲ್ಲೋ ಎಂಬಲ್ಲಿಂದ ಭಿನ್ನಾಭಿಪ್ರಾಯ ಶುರುವಾಗುತ್ತದೆ. ಕೊಲೆಗಾರರಿಗೆ ಮೊದಲು ಶಿಕ್ಷೆಯಾಗಲಿ ಎಂಬುದು ಇವರಿಬ್ಬರ ಬೇಡಿಕೆ. ನಗರವೇ ಅವರ ಹಿಡಿತದಲ್ಲಿರುವಾಗ ಮೊದಲು ಆಡಳಿತ ನೆಲೆಗೊಳ್ಳಲಿ ಎಂಬುದು ಅಲಿಯವರ ನಿಲುವು. ಎರಡರಲ್ಲಿ ಯಾವುದನ್ನೂ ಅನ್ಯಾಯದ ಮಾತು ಎಂದು ತಳ್ಳಿಹಾಕಲಾಗದು. ಬಸ್ರಾ ಮತ್ತು ಕೂಫಾದ ಅಧಿಕಾರ ಸಿಗದ ಬೇಸರವೂ ಇತ್ತು ಎನ್ನುವ ವರದಿಗಳಿವೆ. ಅದೊಂದನ್ನೇ ಕಾರಣವಾಗಿಸಿದರೆ ಅವರ ಹಿಂದಿನ ನಲವತ್ತು ವರ್ಷಗಳಿಗೆ ಅರ್ಥವೇ ಉಳಿಯುವುದಿಲ್ಲ.

ಕೆಲವು ತಿಂಗಳ ನಂತರ ಇಬ್ಬರೂ ಮಕ್ಕಾಕ್ಕೆ ಹೋಗಿ ಆಯಿಷಾರನ್ನು ಕೂಡಿಕೊಂಡರು. ಅಲ್ಲಿಂದ ಬಸ್ರಾಕ್ಕೆ ಪಯಣ. ಅಲ್ಲಿನ ರಾಜ್ಯಪಾಲರೊಂದಿಗೆ ಆದ ಒಪ್ಪಂದ ಮುರಿದುಬಿದ್ದು ರಕ್ತ ಹರಿಯಿತು. ನಮಾಝಿಗೆ ಇಮಾಮರಾಗುವವರು ಯಾರು ಎಂಬ ವಿಷಯದಲ್ಲೂ ತಲ್ಹಾ ಮತ್ತು ಝುಬೈರರ ನಡುವೆ ಇರಿಸುಮುರಿಸಾಯಿತು. ಈ ಹೊತ್ತಿನ ಝುಬೈರರ ಒಂದು ಮಾತನ್ನು ಇತಿಹಾಸಕಾರ ತಬರಿಯ ಗ್ರಂಥ ಉಳಿಸಿದೆ. ಇದು ನಾವು ಹಿಂದೆ ಮಾತಾಡಿಕೊಳ್ಳುತ್ತಿದ್ದ ಫಿತ್ನಾ (ಒಳಜಗಳದ ಪರೀಕ್ಷಾಕಾಲ) ಎಂದರು ಅವರು. ಫಿತ್ನಾ ಎನ್ನುತ್ತೀರಿ, ಮತ್ತೆ ಅದರಲ್ಲೇ ಹೋರಾಡುತ್ತೀರಾ ಎಂದು ಕೇಳಿದವನಿಗೆ, ನನ್ನ ಜೀವನದಲ್ಲಿ ಹೆಜ್ಜೆ ಎಲ್ಲಿ ಇಡುತ್ತಿದ್ದೇನೆಂದು ತಿಳಿಯದ ಕೆಲಸ ಇದೊಂದೇ ಎಂಬ ಅರ್ಥದ ಉತ್ತರ ಕೊಟ್ಟರು. ಬದ್ರ್‌ನಿಂದ ಈಜಿಪ್ಟಿನವರೆಗೆ ಹಿಂದುಮುಂದು ನೋಡದೆ ನುಗ್ಗಿದ ಮನುಷ್ಯನ ಬಾಯಲ್ಲಿ ಈ ಮಾತು ಬಂದಿದೆ. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಇದಕ್ಕಿಂತ ಮುಖ್ಯವಾದ ಸಾಕ್ಷ್ಯವಿಲ್ಲ.

ಸೈನ್ಯಗಳು ಎದುರಾದ ಮೇಲೂ ಸಂಧಾನ ನಡೆಯಿತು. ಅಲಿ ಝುಬೈರರನ್ನು ಕರೆದರು. ಇಬ್ಬರ ಕುದುರೆಗಳ ಕತ್ತುಗಳು ತಾಗುವಷ್ಟು ಹತ್ತಿರ ನಿಂತು ಮಾತಾಡಿದರು. ನೀನು ಒಂದು ದಿನ ಅನ್ಯಾಯವಾಗಿ ಅಲಿಯ ವಿರುದ್ಧ ಹೋರಾಡುವೆ ಎಂದು ಪ್ರವಾದಿ ಹೇಳಿದ್ದು ನೆನಪಿದೆಯೇ ಎಂದು ಅಲಿ ಕೇಳಿದರಂತೆ. ನೆನಪಿದ್ದಿದ್ದರೆ ಬರುತ್ತಲೇ ಇರಲಿಲ್ಲ ಎಂದರಂತೆ ಝುಬೈರ್. ಬಂಡುಕೋರ ಗುಂಪೊಂದು ಕೊಲ್ಲುವುದೆಂದು ಪ್ರವಾದಿ ಯಾರ ಬಗ್ಗೆ ಹೇಳಿದ್ದರೋ ಆ ವೃದ್ಧ ಸಂಗಾತಿ ಅಮ್ಮಾರ್ ಅಲಿಯವರ ಪಾಳಯದಲ್ಲಿದ್ದಾರೆಂಬ ಸುದ್ದಿ ಅವರನ್ನು ನಡುಗಿಸಿತು ಎಂಬ ವರದಿಯೂ ಇದೆ. ಹಿಂದಿರುಗಲು ಹೊರಟಾಗ ಮಗ ಅಬ್ದುಲ್ಲಾ ಹೇಡಿತನವೆಂದು ಹಂಗಿಸಿದರು. ಆದರೂ ಝುಬೈರ್ ರಣರಂಗ ಬಿಟ್ಟು ಹೊರಟರು. ವಾದಿ ಅಸ್ಸಿಬಾ ಎಂಬ ಕಣಿವೆಯಲ್ಲಿ ತಮೀಮ್ ಕುಲದ ಒಬ್ಬ ಅವರನ್ನು ಹಿಂಬಾಲಿಸಿ ಕೊಂದ. ಬಹುಮಾನದ ಆಸೆಯಲ್ಲಿ ಆತ ತಂದ ಕತ್ತಿಯನ್ನು ನೋಡಿ, ಇದು ಎಷ್ಟೋ ಬಾರಿ ಪ್ರವಾದಿಯವರ ಮುಖದ ಚಿಂತೆಯನ್ನು ದೂರ ಮಾಡಿತ್ತು ಎಂದು ಅಲಿ ದುಃಖಿಸಿದರು. ಸಫಿಯ್ಯಾಳ ಮಗನ ಕೊಲೆಗಾರನಿಗೆ ನರಕದ ಸುದ್ದಿ ತಿಳಿಸಿ ಎಂದರು. ಬಸ್ರಾ ಸಮೀಪ ಅವರ ಸಮಾಧಿ ಇರುವ ಊರಿಗೆ ಇಂದಿಗೂ ಝುಬೈರ್ ಎಂದೇ ಹೆಸರು.

ಅವರು ಬಿಟ್ಟುಹೋದದ್ದು 22 ಲಕ್ಷ ದಿರ್ಹಮ್ ಸಾಲ. ಠೇವಣಿಯಾಗಿ ತಂದ ಹಣವನ್ನು ಸಾಲವಾಗಿಯೇ ಇರಲಿ ಎಂದು ಪಡೆಯುತ್ತಿದ್ದುದರಿಂದ ಅದು ಬೆಳೆದಿತ್ತು. ಕಳೆದುಹೋದರೂ ಕೊಟ್ಟವನಿಗೆ ನಷ್ಟವಾಗಬಾರದು ಎಂಬುದು ಲೆಕ್ಕ. 1 ಲಕ್ಷ 70 ಸಾವಿರಕ್ಕೆ ಕೊಂಡಿದ್ದ ಮದೀನಾ ಬಳಿಯ ಗಾಬಾದ ಜಮೀನಿಗೆ 16 ಲಕ್ಷ ಬೆಲೆ ಬಂತು; ಅದನ್ನೂ ಬೇರೆ ಆಸ್ತಿಯನ್ನೂ ಮಾರಿ ಅಬ್ದುಲ್ಲಾ ಸಾಲ ತೀರಿಸಿದರು. ನಾಲ್ಕು ವರ್ಷ ಹಜ್ ಸಮಯದಲ್ಲಿ ತಂದೆಗೆ ಸಾಲ ಕೊಟ್ಟವರಿದ್ದರೆ ಬನ್ನಿ ಎಂದು ಸಾರಿದ ಬಳಿಕವೇ ಆಸ್ತಿ ಹಂಚಿದರು.

ಮುಂದೆ ಅಬ್ದುಲ್ಲಾ ತಾವೇ ಖಲೀಫರೆಂದು ಘೋಷಿಸಿಕೊಂಡು 692ರಲ್ಲಿ ಮಕ್ಕಾದಲ್ಲಿ ಕೊಲ್ಲಲ್ಪಟ್ಟರು. ತಂದೆಯ ಬಗೆಗಿನ ವರದಿಗಳು ಬರಹಕ್ಕಿಳಿಯುವ ಹೊತ್ತಿಗೆ ಮಗನ ರಾಜಕೀಯವೂ ಅವುಗಳಿಗೆ ಅಂಟಿಕೊಂಡಿತ್ತು. ಅಬ್ದುಲ್ಲಾ ಬೆಳೆದು ನಿಲ್ಲುವವರೆಗೆ ಝುಬೈರ್ ನಮ್ಮ ಮನೆಯವರೇ ಆಗಿದ್ದರು ಎಂಬ ಮಾತು ಅಲಿಯವರ ಹೆಸರಿನಲ್ಲಿ ಶಿಯಾ ಪರಂಪರೆಯಲ್ಲಿದೆ. ಎಲ್ಲವನ್ನೂ ಒಬ್ಬ ಮಗನ ತಲೆಗೆ ಕಟ್ಟುವುದು ಸುಲಭ. ಸಂಧಾನ ಬೇಡವಾದವರು ರಾತ್ರಿ ದಾಳಿ ಮಾಡಿ ಯುದ್ಧ ಹೊತ್ತಿಸಿದರು ಎಂಬ ಆರಂಭಕಾಲದ ವರದಿಗಾರ ಸೈಫ್ ಬಿನ್ ಉಮರರ ವರದಿಯೂ ಅಷ್ಟೇ ಅನುಕೂಲಕರ. ಬೇರೆ ವರದಿಗಾರರು ಅದನ್ನು ಹೇಳುವುದಿಲ್ಲ. ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿಯಲ್ಲಿ ಒಬ್ಬರಾಗಿ ಸುನ್ನಿಗಳು ಝುಬೈರರನ್ನು ಗೌರವಿಸುತ್ತಾರೆ, ಪ್ರಾಮಾಣಿಕವಾಗಿ ಯೋಚಿಸಿ ತಪ್ಪಿದವರೆಂದು ಕಾಣುತ್ತಾರೆ. ಶಿಯಾಗಳಿಗೆ ಅವರು ಪ್ರತಿಜ್ಞೆ ಮುರಿದವರು. ಅವರು ರಣರಂಗದಿಂದ ಹಿಂದಿರುಗಿದ ಸಂಗತಿ ಎರಡೂ ಕಡೆಯ ಗ್ರಂಥಗಳಲ್ಲಿದೆ. ಅದು ಪಶ್ಚಾತ್ತಾಪವೇ, ಬರೀ ನಿರ್ಗಮನವೇ ಎಂಬಲ್ಲಿ ಮಾತ್ರ ಅವರ ದಾರಿಗಳು ಬೇರೆಯಾಗುತ್ತವೆ.